ಎಲಿ ವಿಟ್ನಿಯ ಯಂತ್ರವೂ ದುಡಿಯುವವನ ಪಾಲೂ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ತಿಂಗಳು ನನಗೆ ಒಪ್ಪಿಸಿರುವ ವಿಷಯ ಅಮೆರಿಕೆಯ ಒಬ್ಬ ಹಳೆಯ ಯಂತ್ರಶೋಧಕನದು. ನಾನು ಕಲಿತದ್ದು ಏಳನೆಯ ತರಗತಿಯವರೆಗೆ. ಉಳಿದ ಓದೆಲ್ಲ ಹೋಟೆಲಿನ ಅಟ್ಟದ ಮೇಲೆ, ಗಿರಾಕಿಗಳು ಹೋದ ಮೇಲೆ ನಡೆದದ್ದು. ಆದ್ದರಿಂದ ಪಂಡಿತರ ಭಾಷಣ ನನ್ನಿಂದ ಆಗದು. ಒಬ್ಬ ದುಡಿಯುವವನು ಇನ್ನೊಬ್ಬ ದುಡಿಯುವವನಿಗೆ ಹೇಳುವ ರೀತಿಯಲ್ಲಿ ಹೇಳುತ್ತೇನೆ.

ಈ ವಿಷಯ ಈಗ ಏಕೆ ಎಂದು ಕೆಲವರು ಕೇಳಿದರು. ಕಾರಣ ನಿಮಗೆ ಗೊತ್ತಿರುವಂಥದೇ. ನಮ್ಮ ಹೋಟೆಲುಗಳಿಗೆ ಒಂದೊಂದಾಗಿ ಯಂತ್ರಗಳು ಬರುತ್ತಿವೆ. ಕಡೆಯುವ ಕಲ್ಲು ಹೋಗಿ ಗ್ರೈಂಡರು ಬಂದು ಬಹಳ ಕಾಲವಾಯಿತು. ಈಗ ಪಾತ್ರೆ ತೊಳೆಯುವ ಯಂತ್ರ, ದೋಸೆ ಹುಯ್ಯುವ ಯಂತ್ರ, ಗಿರಾಕಿಯೇ ಫೋನಿನಲ್ಲಿ ತಿಂಡಿ ಹೇಳುವ ಏರ್ಪಾಡು. ನಮ್ಮಲ್ಲಿ ಒಂದು ಗುಂಪು "ಯಂತ್ರ ನಮ್ಮ ಅನ್ನಕ್ಕೆ ಕಲ್ಲು ಹಾಕುತ್ತದೆ, ಅದನ್ನು ಒಳಗೇ ಬಿಡಬಾರದು" ಎನ್ನುತ್ತದೆ. ಇನ್ನೊಂದು ಗುಂಪು "ಯಂತ್ರ ಬರಲಿ, ಬೆನ್ನುನೋವು ತಪ್ಪುತ್ತದೆ" ಎನ್ನುತ್ತದೆ. ಹೋದ ಸಭೆಯಲ್ಲಿ ಈ ಎರಡು ಗುಂಪುಗಳ ಮಾತು ಎಷ್ಟು ಜೋರಾಯಿತು ಎಂಬುದಕ್ಕೆ ನೀವೇ ಸಾಕ್ಷಿ. ಇಂಥ ಜಗಳ ಲೋಕದಲ್ಲಿ ನಾವೇ ಮೊದಲು ಆಡುತ್ತಿರುವುದಲ್ಲ. ಹಿಂದೆ ಯಂತ್ರ ಬಂದಾಗ ಯಾರಿಗೆ ಏನಾಯಿತು ಎಂಬುದನ್ನು ನೋಡಿಕೊಂಡರೆ ನಮ್ಮ ದಾರಿ ಸ್ವಲ್ಪ ಕಾಣಿಸೀತು.

ಆ ಮನುಷ್ಯನ ಹೆಸರು ಎಲಿ ವಿಟ್ನಿ. ಹುಟ್ಟಿದ್ದು 1765ರ ಡಿಸೆಂಬರ್ 8ರಂದು, ಅಮೆರಿಕೆಯ ಮ್ಯಾಸಚೂಸೆಟ್ಸ್ ಪ್ರಾಂತದ ವೆಸ್ಟ್‌ಬರೋ ಎಂಬ ಊರಿನಲ್ಲಿ. ತಂದೆ ಬೇಸಾಯಗಾರ. ಮನೆಯಲ್ಲಿ ಒಂದು ಸಣ್ಣ ಕೆಲಸದ ಕೋಣೆ ಇತ್ತು. ಅಮೆರಿಕೆಯವರು ಇಂಗ್ಲೆಂಡಿನ ಅರಸನ ವಿರುದ್ಧ ಸ್ವಾತಂತ್ರ್ಯಯುದ್ಧ ಹೂಡಿದಾಗ ಅಲ್ಲಿಂದ ಬರುತ್ತಿದ್ದ ಮೊಳೆಗಳಿಗೆ ಕೊರತೆಯಾಯಿತು. ಇನ್ನೂ ಮೀಸೆ ಮೂಡದ ಹುಡುಗ ವಿಟ್ನಿ ತಂದೆಯ ಕೋಣೆಯಲ್ಲಿ ಮೊಳೆ ಮಾಡಿ ಮಾರಿದ. ಕಾಲೇಜಿಗೆ ಹೋಗಲು ಹಣ ಹೊಂದಿಸಿಕೊಳ್ಳುವಷ್ಟರಲ್ಲಿ ವಯಸ್ಸು ಮೀರಿತ್ತು. 1792ರಲ್ಲಿ ಯೇಲ್ ಕಾಲೇಜಿನಿಂದ ಹೊರಬಿದ್ದಾಗ ಅವನಿಗೆ 27 ತುಂಬುತ್ತಿತ್ತು. ತಲೆಯ ಮೇಲೆ ಸಾಲ, ಕೈಯಲ್ಲಿ ಕೆಲಸವಿಲ್ಲ. ಮನೆಪಾಠದ ಕೆಲಸ ಹುಡುಕಿಕೊಂಡು ದಕ್ಷಿಣಕ್ಕೆ, ಜಾರ್ಜಿಯಾ ಪ್ರಾಂತಕ್ಕೆ ಹೊರಟ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಸಾಲಿನಲ್ಲಿ ಅವನೂ ಒಬ್ಬ ಎಂದು ತಿಳಿಯಿರಿ.

ಅಲ್ಲಿ ಸವಾನ್ನಾ ಪಟ್ಟಣದ ಹತ್ತಿರ ಮಲ್ಬೆರಿ ಗ್ರೋವ್ ಎಂಬ ತೋಟ. ಯುದ್ಧದಲ್ಲಿ ಹೆಸರು ಗಳಿಸಿದ್ದ ಜನರಲ್ ಗ್ರೀನ್ ತೀರಿಕೊಂಡ ಮೇಲೆ ಅವನ ವಿಧವೆ ಕ್ಯಾಥರೀನ್ ಗ್ರೀನ್ ಆ ತೋಟವನ್ನು ನಡೆಸುತ್ತಿದ್ದಳು. ವಿಟ್ನಿ ಅಲ್ಲಿ ಉಳಿದುಕೊಂಡ. ಅಲ್ಲಿನ ಒಡೆಯರ ಬಾಯಲ್ಲಿ ಒಂದೇ ಚಿಂತೆಯ ಮಾತು: ಹತ್ತಿ ಬೆಳೆಯುತ್ತದೆ, ಬೀಜ ಬಿಡುವುದಿಲ್ಲ.

ನಮ್ಮಲ್ಲಿ ಧಾರವಾಡ, ಗದಗ, ಬಳ್ಳಾರಿ ಕಡೆಯಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರಾವಳಿಯವರಿಗಾಗಿ ಹೇಳುತ್ತೇನೆ. ಹತ್ತಿಯ ಕಾಯಿ ಒಡೆದಾಗ ಒಳಗಿರುವ ಅರಳೆ ಬೀಜಕ್ಕೆ ಅಂಟಿಕೊಂಡಿರುತ್ತದೆ. ಬೀಜ ತೆಗೆಯದೆ ನೂಲು ಬಾರದು. ಅಮೆರಿಕೆಯ ಕಡಲ ಕರೆಯಲ್ಲಿ ಬೆಳೆಯುತ್ತಿದ್ದ ಉದ್ದ ಎಳೆಯ ಹತ್ತಿಯ ಬೀಜ ನುಣುಪು. ಎರಡು ಉರುಳೆಗಳ ನಡುವೆ ಹಾಯಿಸಿದರೆ ಬೀಜ ಹಿಂದೆ ಉಳಿದು ಅರಳೆ ಮುಂದೆ ಬರುತ್ತಿತ್ತು. ಅಂಥ ಉರುಳೆಯ ರಾಟೆ ನಮ್ಮ ದೇಶದಲ್ಲಿ ಎಷ್ಟೋ ಶತಮಾನಗಳಿಂದ ಇತ್ತು. ಆದರೆ ಕಡಲಿನಿಂದ ಒಳಗಿನ ನೆಲದಲ್ಲಿ ಬೆಳೆಯುವ ಹತ್ತಿಯದು ಗಿಡ್ಡ ಎಳೆ, ಹಸಿರು ಬೀಜ. ಆ ಬೀಜ ಅರಳೆಯನ್ನು ಹಿಡಿದರೆ ಬಿಡದು. ಕೈಯಿಂದ ಬಿಡಿಸಲು ಕುಳಿತರೆ ಒಬ್ಬ ಆಳಿಗೆ ದಿನವಿಡೀ ಒಂದು ಪೌಂಡು, ಅಂದರೆ ಅರ್ಧ ಕಿಲೋಕ್ಕಿಂತ ಕಡಿಮೆ.

1793ರಲ್ಲಿ ವಿಟ್ನಿ ಇದಕ್ಕೆ ಒಂದು ಯಂತ್ರ ಮಾಡಿದ. ನೋಡಿದರೆ ಇಷ್ಟೇನೇ ಎನ್ನಿಸುವಂಥದು. ಒಂದು ಮರದ ಉರುಳೆ, ಅದರ ಮೈತುಂಬ ಬಾಗಿದ ತಂತಿಯ ಹಲ್ಲುಗಳು. ಎದುರಿಗೆ ಸಣ್ಣ ಸೀಳುಗಳಿರುವ ತಡೆ. ಹಿಡಿ ತಿರುಗಿಸಿದರೆ ಹಲ್ಲುಗಳು ಸೀಳಿನೊಳಗಿಂದ ಹಾಯ್ದು ಅರಳೆಯನ್ನು ಎಳೆದುಕೊಳ್ಳುತ್ತವೆ. ಬೀಜಕ್ಕೆ ಸೀಳಿನಲ್ಲಿ ದಾರಿಯಿಲ್ಲ, ಅದು ಕೆಳಗೆ ಬೀಳುತ್ತದೆ. ಹಲ್ಲಿಗೆ ಸಿಕ್ಕಿದ ಅರಳೆಯನ್ನು ಬಿಡಿಸಲು ಹಿಂದೆ ಇನ್ನೊಂದು ಉರುಳೆ, ಅದಕ್ಕೆ ಕುಂಚದ ಕೂದಲು. ಅದು ಎದುರು ದಿಕ್ಕಿಗೆ ಬೇಗ ತಿರುಗಿ ಅರಳೆಯನ್ನು ಗುಡಿಸಿ ಹಾಕುತ್ತದೆ. ಒಬ್ಬನು ದಿನಕ್ಕೆ 50 ಪೌಂಡು ಹತ್ತಿ ಬಿಡಿಸಬಹುದಾಯಿತು. ಒಂದು ಎಲ್ಲಿ, ಐವತ್ತು ಎಲ್ಲಿ! 1794ರ ಮಾರ್ಚ್ 14ರಂದು ಅವನಿಗೆ ಸರಕಾರದಿಂದ ಪೇಟೆಂಟ್ ಹಕ್ಕು ದೊರೆಯಿತು. ಎರಡು ವರ್ಷಗಳ ಮೇಲೆ ಹಾಗ್ಡನ್ ಹೋಮ್ಸ್ ಎಂಬಾತ ತಂತಿಯ ಹಲ್ಲಿನ ಬದಲಿಗೆ ಗುಂಡನೆಯ ಗರಗಸದ ತಗಡುಗಳನ್ನು ಹಾಕಿದ. ಅದೇ ಗರಗಸದ ಜಿನ್ನು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಒಂದು ದಿನದ ಕೆಲಸವನ್ನು ಯಂತ್ರ ಗಳಿಗೆಯಲ್ಲಿ ಮುಗಿಸಿತು. ಹಾಗಿದ್ದರೆ ಆ ತೋಟಗಳ ಆಳುಗಳ ಬೆವರು ಕಡಿಮೆಯಾಗಬೇಕಿತ್ತಲ್ಲವೇ? ಅಲ್ಲಿನ ಆಳು ಅಂದರೆ ಆಫ್ರಿಕೆಯಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಕೂಲಿಯಿಲ್ಲ, ರಜೆಯಿಲ್ಲ, ಗಂಡನನ್ನು ಒಂದು ಸಂತೆಗೆ, ಹೆಂಡತಿಯನ್ನು ಇನ್ನೊಂದು ಸಂತೆಗೆ ಮಾರಬಹುದಾದ ಬದುಕು. ಅವರ ಗತಿ ಏನಾಯಿತು ಎಂಬುದನ್ನು ಲೆಕ್ಕವೇ ಹೇಳುತ್ತದೆ. 1790ರ ಜನಗಣತಿಯಲ್ಲಿ ಅಮೆರಿಕೆಯ ಗುಲಾಮರ ಸಂಖ್ಯೆ ಸುಮಾರು 7 ಲಕ್ಷ. 1860ರಲ್ಲಿ ಅದು 39 ಲಕ್ಷ ದಾಟಿತ್ತು. ಹತ್ತಿಯ ಬೆಳೆ 1790ರಲ್ಲಿ ಕೆಲವೇ ಸಾವಿರ ಬೇಲು ಇದ್ದದ್ದು 1860ರ ಹೊತ್ತಿಗೆ 40 ಲಕ್ಷ ಬೇಲುಗಳ ಹತ್ತಿರಕ್ಕೆ ಏರಿತು. 1808ರಲ್ಲಿ ಹೊರದೇಶದಿಂದ ಗುಲಾಮರನ್ನು ತರುವುದನ್ನು ಕಾನೂನು ನಿಷೇಧಿಸಿತು. ಆದರೆ ದೇಶದ ಒಳಗಿನ ವ್ಯಾಪಾರ ನಿಲ್ಲಲಿಲ್ಲ. ಹಳೆಯ ಪ್ರಾಂತಗಳಿಂದ ಹೊಸ ಹತ್ತಿಯ ನೆಲಗಳಿಗೆ ಸುಮಾರು 10 ಲಕ್ಷ ಜನರನ್ನು ಸಾಗಿಸಿದರು, ಎಷ್ಟೋ ಜನರನ್ನು ಸರಪಳಿ ಹಾಕಿ ನಡೆಸಿಕೊಂಡೇ ಹೋದರು.

ಹೀಗೇಕಾಯಿತು? ಯಂತ್ರ ಬೀಜ ಬಿಡಿಸಿತೇ ಹೊರತು ಉಳಲಿಲ್ಲ, ಕಳೆ ಕೀಳಲಿಲ್ಲ, ಹತ್ತಿ ಬಿಡಿಸಿ ಚೀಲ ತುಂಬಲಿಲ್ಲ. ಅವೆಲ್ಲ ಮನುಷ್ಯನ ಕೈಯಿಂದಲೇ ಆಗಬೇಕು. ಬೀಜ ಬಿಡಿಸುವ ಅಡ್ಡಿ ತೊಲಗಿದ ಕೂಡಲೆ ಒಡೆಯನು ನೂರು ಎಕರೆಯ ಬದಲು ಸಾವಿರ ಎಕರೆ ಬಿತ್ತಿದ. ಒಂದು ಕೈಗೆ ಬಿಡುವಾಯಿತು, ಆ ಬಿಡುವು ಕೈಯ ಒಡೆಯನಿಗೆ ಸಿಗಲಿಲ್ಲ, ತೋಟದ ಒಡೆಯನಿಗೆ ಸಿಕ್ಕಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮಲ್ಲುಂಟು. ಅಲ್ಲಿ ಕೆಸರಾದ ಕೈ ಒಬ್ಬರದು, ಮೊಸರು ಉಂಡ ಬಾಯಿ ಇನ್ನೊಬ್ಬರದು.

ಇದು ನಮ್ಮ ಅಡಿಗೆಮನೆಯ ಕತೆಯೂ ಹೌದು. ನಾನು ಕೆಲಸಕ್ಕಿದ್ದ ಒಂದು ಹೋಟೆಲಿನ ಹಿರಿಯ ಭಟ್ಟರು ಹೇಳುತ್ತಿದ್ದರು: ಕಲ್ಲಿನಲ್ಲಿ ಕಡೆಯುತ್ತಿದ್ದಾಗ ನಸುಕಿನ ಮೂರು ಗಂಟೆಗೆ ಏಳಬೇಕಿತ್ತು, ಗ್ರೈಂಡರು ಬಂದ ಮೇಲೂ ಮೂರು ಗಂಟೆಗೇ ಏಳಬೇಕಾಯಿತು. ಏಕೆಂದರೆ ಮೊದಲು ಇಡ್ಲಿ, ದೋಸೆ ಎರಡೇ ಇದ್ದ ಹಲಗೆಯ ಮೇಲೆ ಹದಿನೈದು ತಿಂಡಿಗಳ ಹೆಸರು ಬಂದವು. ಭುಜದ ನೋವು ಹೋದದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ಹೊತ್ತು ಮಾತ್ರ ಉಳಿಯಲಿಲ್ಲ.

ಯಂತ್ರ ಮಾಡಿದವನಿಗಾದರೂ ಲಾಭವಾಯಿತೇ? ವಿಟ್ನಿ ಮತ್ತು ಅವನ ಪಾಲುಗಾರ ಫಿನಿಯಸ್ ಮಿಲ್ಲರ್ ಯಂತ್ರವನ್ನು ಮಾರಲು ಒಪ್ಪಲಿಲ್ಲ. ತಾವೇ ಹತ್ತಿ ಬಿಡಿಸಿಕೊಟ್ಟು ಐದರಲ್ಲಿ ಎರಡು ಪಾಲು ಹತ್ತಿಯನ್ನು ಕೂಲಿಯಾಗಿ ಕೇಳಿದರು. ಅತಿಯಾಸೆಯೇ ಸರಿ. ತೋಟದವರು ಊರ ಕಮ್ಮಾರರಿಂದ ಅಂಥದೇ ಯಂತ್ರ ಮಾಡಿಸಿಕೊಂಡರು. ವಿಟ್ನಿಯ ಅರ್ಧ ಆಯುಷ್ಯ ಕೋರ್ಟಿನ ಕಟ್ಟೆಯ ಮೇಲೆ ಕಳೆಯಿತು. ದಕ್ಷಿಣ ಕ್ಯಾರೊಲಿನಾ ಸರಕಾರ 1802ರಲ್ಲಿ 50,000 ಡಾಲರು ಕೊಡಲು ಒಪ್ಪಿತು. ಬಂದ ಹಣದಲ್ಲಿ ಬಹುಪಾಲು ವ್ಯಾಜ್ಯಕ್ಕೇ ಹೋಯಿತು. 1812ರಲ್ಲಿ ಪೇಟೆಂಟ್ ಮುಂದುವರಿಸಿ ಎಂದು ಬೇಡಿದಾಗ ಅಮೆರಿಕೆಯ ಪಾರ್ಲಿಮೆಂಟು ಒಪ್ಪಲಿಲ್ಲ.

ಆದರೂ ಅವನಿಗೆ ಬೇಡುವ ಹಕ್ಕಾದರೂ ಇತ್ತು. ಮಿಸಿಸಿಪಿ ಪ್ರಾಂತದಲ್ಲಿ ನೆಡ್ ಎಂಬ ಒಬ್ಬ ಗುಲಾಮನು ಹತ್ತಿಯ ಹೊಲ ಕೆರೆಯುವ ಒಂದು ಹೊಸ ಸಾಧನ ಮಾಡಿದ. ಅವನ ಒಡೆಯ ಅದರ ಹಕ್ಕು ತನಗೆ ಬೇಕೆಂದು ಅರ್ಜಿ ಹಾಕಿದ. 1858ರಲ್ಲಿ ಸರಕಾರದ ಮಹಾ ವಕೀಲನು ಕೊಟ್ಟ ತೀರ್ಮಾನ ಕೇಳಿ: ಗುಲಾಮನು ಪ್ರಜೆಯಲ್ಲ, ಆದ್ದರಿಂದ ಅವನ ಶೋಧಕ್ಕೆ ಹಕ್ಕಿಲ್ಲ. ಒಡೆಯನು ಶೋಧಕನಲ್ಲ, ಆದ್ದರಿಂದ ಅವನಿಗೂ ಇಲ್ಲ. ಮನುಷ್ಯನ ಬುದ್ಧಿ ಕಣ್ಣೆದುರಿಗೆ ಇದ್ದರೂ ಕಾಗದದ ಮೇಲೆ ಅದು ಇಲ್ಲವಾಯಿತು. ಇತಿಹಾಸದಲ್ಲಿ ಹೆಸರು ಉಳಿದವರು ಮಾತ್ರ ಶೋಧಕರೆಂದು ಭಾವಿಸಬೇಡಿ.

ಈ ಹತ್ತಿಯ ಕತೆ ನಮ್ಮ ನಾಡಿಗೂ ಬಂತು. 1840ರ ನಂತರ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕೆಯ ತೋಟಗಾರರನ್ನು ಕರೆಸಿ ಇಲ್ಲಿ ಅಲ್ಲಿನ ಹತ್ತಿ ಬೆಳೆಯುವ ಪ್ರಯತ್ನ ಮಾಡಿದರು. ಅನೇಕ ಕಡೆ ಆ ಪ್ರಯತ್ನ ಕೈಗೂಡಲಿಲ್ಲ. ಧಾರವಾಡ, ಹುಬ್ಬಳ್ಳಿ, ಗದಗಿನ ಎರೆಯ ಹೊಲದಲ್ಲಿ ಮಾತ್ರ ಆ ಬೀಜ ಹಿಡಿಯಿತು. ಅದಕ್ಕೆ ಧಾರವಾಡ-ಅಮೆರಿಕನ್ ಹತ್ತಿ ಎಂದೇ ಹೆಸರು. ಆ ಹತ್ತಿಯ ಹಿಂದೆ ಗರಗಸದ ಜಿನ್ನೂ ಬಂತು. ಅದನ್ನು ಮಾಡಲು, ರಿಪೇರಿ ಮಾಡಲು ಸರಕಾರದವರು ಧಾರವಾಡದಲ್ಲಿ ಒಂದು ಕಾರ್ಖಾನೆಯನ್ನೂ ನಡೆಸಿದರು. ಆದರೆ ನಮ್ಮ ಜವಾರಿ ಹತ್ತಿಗೆ ಆ ಗರಗಸ ಸರಿಬೀಳಲಿಲ್ಲ, ಎಳೆ ಕತ್ತರಿಸಿಹೋಗುತ್ತಿತ್ತು. ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ನಮ್ಮ ಹೆಣ್ಣುಮಕ್ಕಳು ಬಿಡಿಸುತ್ತಿದ್ದ ರೀತಿಯೇ ಅದಕ್ಕೆ ಹೊಂದುತ್ತಿತ್ತು. ಅಲ್ಲಿಯ ಯಂತ್ರ ಇಲ್ಲಿಯ ಬೆಳೆಗೆ ಹೊಂದುತ್ತದೆಯೇ ಎಂದು ಆ ಹೆಣ್ಣುಮಕ್ಕಳನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ಆ ಹತ್ತಿ ಕುಮಟೆಯ ಬಂದರಿನಿಂದ ಹಡಗೇರಿ ಮುಂಬಯಿಗೆ ಬರುತ್ತಿತ್ತು. ಆದ್ದರಿಂದಲೇ ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ "ಕುಂಪ್ಟಾ" ಎಂಬ ಹೆಸರು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಗುಲಾಮಗಿರಿಯ ಕಾರಣ ಅಂತರ್ಯುದ್ಧವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಮುಂಬಯಿಯ ವ್ಯಾಪಾರಿಗಳ ಮನೆಯಲ್ಲಿ ಬಂಗಾರದ ಮಳೆ ಸುರಿಯಿತು. 1865ರಲ್ಲಿ ಯುದ್ಧ ನಿಂತ ಕೂಡಲೆ ಬೆಲೆ ಕುಸಿದು ಬ್ಯಾಂಕುಗಳೂ ಮನೆತನಗಳೂ ಮುಳುಗಿದವು.

ಆ ಕಾಲದ ಇನ್ನೊಂದು ಸಂಗತಿಯನ್ನು ನಾನು ಹೇಳದೆ ಬಿಡಲಾರೆ. ಹತ್ತಿಯಿಲ್ಲದೆ ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳು ಮುಚ್ಚಿದವು. ಲಕ್ಷಾಂತರ ಕಾರ್ಮಿಕರು ಗಂಜಿಗೆ ಕೈಯೊಡ್ಡಿದರು. ಅಮೆರಿಕೆಯ ದಕ್ಷಿಣದ ಒಡೆಯರು ಗೆದ್ದರೆ ಹತ್ತಿ ಬರುತ್ತದೆ, ಕೆಲಸ ಸಿಗುತ್ತದೆ ಎಂದು ಅವರ ಕಿವಿಯಲ್ಲಿ ಊದುವವರು ಬಹಳ ಇದ್ದರು. ಆದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನಲ್ಲಿ ದುಡಿಯುವ ಜನ ಸಭೆ ಸೇರಿ, ಗುಲಾಮಗಿರಿ ಹೋಗಲಿ, ನಾವು ನಿಮ್ಮೊಂದಿಗಿದ್ದೇವೆ ಎಂದು ಅಧ್ಯಕ್ಷ ಲಿಂಕನ್ನನಿಗೆ ಪತ್ರ ಬರೆದರು. 1863ರ ಜನವರಿಯಲ್ಲಿ ಲಿಂಕನ್ ಅವರಿಗೆ ಉತ್ತರ ಬರೆದ. ಹೊಟ್ಟೆ ಹಸಿದಾಗಲೂ ಇನ್ನೊಬ್ಬ ದುಡಿಯುವವನ ಕುತ್ತಿಗೆಯ ಮೇಲಿನ ಹಗ್ಗವನ್ನು ಹಿಡಿಯಲೊಪ್ಪದವರು ಅವರು. ಸಂಘದ ಸದಸ್ಯತ್ವದ ಚೀಟಿ ಪಡೆಯುವ ಪ್ರತಿಯೊಬ್ಬ ಹುಡುಗನಿಗೂ ನಾನು ಈ ಕತೆಯನ್ನು ಹೇಳುತ್ತೇನೆ.

ಇನ್ನು ವಿಟ್ನಿಯ ಎರಡನೆಯ ಕೆಲಸ. ಹತ್ತಿಯಲ್ಲಿ ಕೈಸುಟ್ಟುಕೊಂಡವನು ಬಂದೂಕಿಗೆ ಕೈಹಾಕಿದ. 1798ರ ಜೂನ್‌ನಲ್ಲಿ ಸರಕಾರದೊಂದಿಗೆ ಕರಾರು ಮಾಡಿಕೊಂಡ. 10,000 ಬಂದೂಕು, 1,34,000 ಡಾಲರು, ಎರಡೂಕಾಲು ವರ್ಷದ ಗಡುವು. ಆಗ ಅವನ ಹತ್ತಿರ ಕಾರ್ಖಾನೆಯೂ ಇರಲಿಲ್ಲ, ಬಂದೂಕು ಮಾಡಿ ಗೊತ್ತೂ ಇರಲಿಲ್ಲ. ಮುಗಿಸಿಕೊಟ್ಟದ್ದು 1809ರಲ್ಲಿ.

ಅಲ್ಲಿಯವರೆಗೆ ಬಂದೂಕು ಮಾಡುವುದೆಂದರೆ ಒಬ್ಬ ಕಸಬುದಾರನು ಮೊದಲಿಂದ ಕೊನೆಯವರೆಗೆ ಒಂದನ್ನು ಕುಟ್ಟಿ, ಅರದಿಂದ ಉಜ್ಜಿ ಹೊಂದಿಸುವುದು. ಒಂದರ ತಿರುಪು ಇನ್ನೊಂದಕ್ಕೆ ಕೂಡದು. ಯುದ್ಧದಲ್ಲಿ ಕುದುರೆ ಮುರಿದರೆ ಇಡೀ ಬಂದೂಕು ಮೂಲೆಗೆ. ವಿಟ್ನಿ ಹೇಳಿದ್ದು ಏನೆಂದರೆ, ಕೆಲಸವನ್ನು ತುಂಡು ತುಂಡಾಗಿ ಹಂಚಬೇಕು, ಪ್ರತಿ ತುಂಡಿಗೂ ಬೇರೆ ಯಂತ್ರ, ಬೇರೆ ಅಚ್ಚು ಇರಬೇಕು, ಆಗ ಒಂದೇ ಅಳತೆಯ ಭಾಗಗಳು ಬರುತ್ತವೆ, ಯಾವ ಭಾಗವನ್ನು ತೆಗೆದು ಯಾವುದಕ್ಕೆ ಹಾಕಿದರೂ ಕೂಡುತ್ತದೆ. 1801ರಲ್ಲಿ ವಾಷಿಂಗ್ಟನ್ನಿನಲ್ಲಿ ದೊಡ್ಡವರ ಮುಂದೆ ಹಾಗೆ ಕೂಡಿಸಿ ತೋರಿಸಿದ. ಎಲ್ಲರೂ ಬೆರಗಾದರು. ಶಾಲೆಯ ಪುಸ್ತಕಗಳಲ್ಲಿ ಬಹುಕಾಲ ಇದೇ ಕತೆ ನಡೆಯಿತು.

ಆದರೆ 1960ರಲ್ಲಿ ರಾಬರ್ಟ್ ವುಡ್‌ಬರಿ ಎಂಬ ಇತಿಹಾಸಕಾರ ಇದನ್ನು ಕೆದಕಿ ನೋಡಿದ. ವಿಟ್ನಿಯ ಉಳಿದ ಬಂದೂಕುಗಳನ್ನು ಬಿಚ್ಚಿ ಹೋಲಿಸಿದವರಿಗೂ ಭಾಗಗಳು ಒಂದಕ್ಕೊಂದು ಕೂಡುವುದಿಲ್ಲ ಎಂಬುದು ಗೊತ್ತಾಯಿತು. ಅಂದರೆ ದೊಡ್ಡವರ ಮುಂದೆ ತೋರಿಸಿದ ಭಾಗಗಳು ಆ ಪ್ರದರ್ಶನಕ್ಕೆಂದೇ ಸಿದ್ಧಮಾಡಿದವು ಎಂದು ತಿಳಿಯಬೇಕಾಗುತ್ತದೆ. ಆ ಉಪಾಯವೂ ಅವನೊಬ್ಬನದಲ್ಲ. ಫ್ರಾನ್ಸಿನಲ್ಲಿ ಹೊನೊರೆ ಬ್ಲಾಂಕ್ ಎಂಬವನು ಮೊದಲೇ ಇದನ್ನು ಮಾಡಿದ್ದ. 1785ರಲ್ಲಿ ಅಮೆರಿಕೆಯ ಪ್ರತಿನಿಧಿಯಾಗಿ ಅಲ್ಲಿದ್ದ ಜೆಫರ್ಸನ್ ಅದನ್ನು ನೋಡಿ ತನ್ನ ದೇಶಕ್ಕೆ ಬರೆದಿದ್ದ. ವಿಟ್ನಿ ಮಾತು ಕೊಟ್ಟದ್ದನ್ನು ನಿಜಮಾಡಿ ತೋರಿಸಿದವರು ಬೇರೆಯವರು. ಹಾರ್ಪರ್ಸ್ ಫೆರಿ ಎಂಬಲ್ಲಿನ ಸರಕಾರಿ ಕಾರ್ಖಾನೆಯಲ್ಲಿ ಜಾನ್ ಹಾಲ್ 1820ರ ದಶಕದಲ್ಲಿ, ಲೆಕ್ಕವಿಲ್ಲದಷ್ಟು ಅಳತೆಯ ಅಚ್ಚುಗಳನ್ನಿಟ್ಟುಕೊಂಡು, ನಿಜವಾಗಿ ಅದಲುಬದಲಾಗುವ ಭಾಗಗಳ ಬಂದೂಕು ಮಾಡಿಸಿದ. ಥಾಮಸ್ ಬ್ಲಾಂಚರ್ಡ್ ಎಂಬವನು ಬಂದೂಕಿನ ಮರದ ಹಿಡಿಯನ್ನು ತಾನಾಗಿ ಕೊರೆಯುವ ಯಂತ್ರ ಮಾಡಿದ. ಅವರ ಹಿಂದೆ ಹೆಸರಿಲ್ಲದ ನೂರಾರು ಕಸಬುದಾರರು. 1850ರ ದಶಕದಲ್ಲಿ ಇಂಗ್ಲೆಂಡಿನವರೇ ಬಂದು ನೋಡಿ, ಎನ್‌ಫೀಲ್ಡ್ ಬಂದೂಕಿನ ಕಾರ್ಖಾನೆಗೆ ಅಮೆರಿಕೆಯ ಯಂತ್ರಗಳನ್ನು ಕೊಂಡುಕೊಂಡರು. "ಅಮೆರಿಕನ್ ಪದ್ಧತಿ" ಎಂಬ ಹೆಸರೇ ಬಂತು. ಮುಂದೆ ಹೊಲಿಗೆ ಯಂತ್ರ, ಗಡಿಯಾರ, ಸೈಕಲು, ಮೋಟಾರು, ಎಲ್ಲವೂ ಈ ದಾರಿಯಲ್ಲಿ ಬಂದವು. ನಮ್ಮ ಗ್ರೈಂಡರಿನ ಬೆಲ್ಟು ಹರಿದಾಗ ಅಂಗಡಿಯಿಂದ ಇನ್ನೊಂದನ್ನು ತಂದು ಹಾಕಿದರೆ ಕೂಡುತ್ತದಲ್ಲ, ಅದು ಈ ಪದ್ಧತಿಯ ಪುಣ್ಯ. ಬಡವನ ಕೈಗೆಟಕುವ ಬೆಲೆಗೆ ಸಾಮಾನು ಬಂದದ್ದೂ ಇದರಿಂದಲೇ. ಅದನ್ನು ಮರೆತು ಮಾತಾಡುವುದು ನ್ಯಾಯವಲ್ಲ.

ಆದರೆ ಬಂಧುಗಳೇ, ಭಾಗಗಳು ಅದಲುಬದಲಾಗುವಂತಾದಾಗ ಮನುಷ್ಯರೂ ಅದಲುಬದಲಾಗುವಂತಾದರು. ಮೊದಲು ಬಂದೂಕಿನ ಕಸಬುದಾರನಿಗೆ ಬೆಲೆಯಿತ್ತು. ಅವನು ಬಾರದಿದ್ದರೆ ಕೆಲಸ ನಿಲ್ಲುತ್ತಿತ್ತು. ಕೆಲಸ ತುಂಡಾದ ಮೇಲೆ ಒಂದೊಂದು ತುಂಡನ್ನು ಯಾರು ಬೇಕಾದರೂ ನಾಲ್ಕು ದಿನದಲ್ಲಿ ಕಲಿಯಬಹುದಾಯಿತು. "ನೀನು ಹೋದರೆ ಇನ್ನೊಬ್ಬ" ಎಂಬ ಮಾತು ಅಲ್ಲಿಂದ ಬಲವಾಯಿತು. ಈ ಮಾತನ್ನು ಗಲ್ಲೆಯ ಮೇಲೆ ಕುಳಿತವರ ಬಾಯಿಂದ ಕೇಳದ ಮಾಣಿ ನಮ್ಮ ಸಭೆಯಲ್ಲಿ ಒಬ್ಬನಾದರೂ ಇದ್ದಾನೆಯೇ?

ಅಲ್ಲಿನ ಕಾರ್ಮಿಕರು ಇದನ್ನು ಸುಮ್ಮನೆ ಸಹಿಸಲಿಲ್ಲ. ಹಾರ್ಪರ್ಸ್ ಫೆರಿಯಲ್ಲಿ ಮೊದಲು ಕಸಬುದಾರರು ತಮ್ಮ ಹೊತ್ತಿಗೆ ಬಂದು ಕೆಲಸ ಮುಗಿಸಿ ಹೋಗುತ್ತಿದ್ದರು. ಸೈನ್ಯದ ಅಧಿಕಾರಿಗಳ ಕೈಗೆ ಕಾರ್ಖಾನೆ ಹೋದ ಮೇಲೆ ಗಡಿಯಾರದ ಹೊತ್ತು ಕಡ್ಡಾಯವಾಯಿತು. 1842ರಲ್ಲಿ ಅವರು ಕೆಲಸ ನಿಲ್ಲಿಸಿದರು. ದೋಣಿ ಹತ್ತಿ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಜಾನ್ ಟೈಲರನನ್ನೇ ಕಂಡರು. ಒಳ್ಳೆಯ ಮಾತು ಸಿಕ್ಕಿತು, ಗಡಿಯಾರ ಮಾತ್ರ ಗೋಡೆಯಿಂದ ಇಳಿಯಲಿಲ್ಲ.

ಅದೇ ದೇಶದ ಲೋವೆಲ್ ಎಂಬ ಊರು. ಗುಲಾಮರು ಬೆಳೆದ, ವಿಟ್ನಿಯ ಯಂತ್ರದಲ್ಲಿ ಬೀಜ ಬಿಡಿಸಿದ ಹತ್ತಿಯನ್ನು ಅಲ್ಲಿನ ಗಿರಣಿಗಳಲ್ಲಿ ಬಟ್ಟೆ ಮಾಡುತ್ತಿದ್ದವರು ಹಳ್ಳಿಯಿಂದ ಬಂದ ಪ್ರಾಯದ ಹೆಣ್ಣುಮಕ್ಕಳು. ದಿನಕ್ಕೆ ಹನ್ನೆರಡು, ಹದಿಮೂರು ಗಂಟೆ ಕೆಲಸ. ವಾಸ, ಊಟ ಕಂಪನಿಯ ಮನೆಗಳಲ್ಲಿ. 1834ರಲ್ಲಿ ಕೂಲಿ ಕಡಿತ ಮಾಡಿದಾಗ ಅವರು ಮುಷ್ಕರ ಹೂಡಿದರು. 1836ರಲ್ಲಿ ಊಟ-ವಸತಿಯ ದರ ಏರಿಸಿದಾಗ ಮತ್ತೆ ಹೊರಬಿದ್ದರು. ಈ ಎರಡನೆಯ ಮುಷ್ಕರದ ಅರ್ಥ ಹೋಟೆಲಿನವರಾದ ನಮಗೆ ಆಗುವಷ್ಟು ಬೇರೆಯವರಿಗೆ ಆಗದು. ಅನ್ನ, ಚಾಪೆ, ಪಗಾರ ಮೂರೂ ಒಂದೇ ಕೈಯಿಂದ ಬರುವಾಗ ಆ ಕೈಗೆ ಎದುರು ಮಾತಾಡುವುದು ಎಷ್ಟು ಕಷ್ಟ! ಕೆಲಸ ಹೋದ ರಾತ್ರಿಯೇ ಮಲಗುವ ಜಾಗವೂ ಹೋಗುತ್ತದೆ. ಆದರೂ ಆ ಹುಡುಗಿಯರು ಎದ್ದು ನಿಂತರು. ಆ ಎರಡು ಮುಷ್ಕರಗಳ ಹಿಂದೆ ಗಟ್ಟಿಯಾದ ಸಂಘವಿರಲಿಲ್ಲ. 1845ರ ಹೊತ್ತಿಗೆ ಸಾರಾ ಬ್ಯಾಗ್ಲಿ ಎಂಬಾಕೆಯ ಮುಂದಾಳುತನದಲ್ಲಿ ಹೆಂಗಸರದೇ ಸಂಘ ಕಟ್ಟಿ, ಹತ್ತು ಗಂಟೆಯ ದಿನ ಬೇಕೆಂದು ಸಾವಿರಾರು ಸಹಿ ಕೂಡಿಸಿದರು. ಮ್ಯಾಸಚೂಸೆಟ್ಸಿನಲ್ಲಿ ಹೆಂಗಸರಿಗೆ ಹತ್ತು ಗಂಟೆಯ ಕಾನೂನು ಬಂದದ್ದು 1874ರಲ್ಲಿ. ಬೇಡಿದವರು ಬೇರೆ, ಉಂಡವರು ಬೇರೆ. ಸಂಘದ ಕೆಲಸವೇ ಹಾಗೆ.

ಈ ಪದ್ಧತಿಯ ಕೊನೆಯ ಮೆಟ್ಟಲು ಹೆನ್ರಿ ಫೋರ್ಡನ ಮೋಟಾರು ಕಾರ್ಖಾನೆ. 1913ರಲ್ಲಿ ಅವನು ಕೆಲಸವನ್ನೇ ಚಲಿಸುವಂತೆ ಮಾಡಿದ. ಮನುಷ್ಯ ನಿಂತಲ್ಲೇ ನಿಲ್ಲಬೇಕು, ಮೋಟಾರು ಅವನ ಮುಂದೆ ಸಾಗಿ ಬರುತ್ತದೆ. ಹನ್ನೆರಡು ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದ ಜೋಡಣೆ 93 ನಿಮಿಷಕ್ಕೆ ಇಳಿಯಿತು. ಆದರೆ ಆ ಒಂದೇ ತಿರುಪನ್ನು ದಿನವಿಡೀ ತಿರುಗಿಸಿ ಜನ ಬೇಸತ್ತು ಓಡಿಹೋದರು. ಸುಮಾರು 14,000 ಜನರ ಕೆಲಸಕ್ಕೆ ಆ ಒಂದು ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಅವನು ದಿನಕ್ಕೆ ಐದು ಡಾಲರು, ಎಂಟು ಗಂಟೆ ಎಂದು ಸಾರಿದ. ಜನ ಅದನ್ನು ಅವನ ಧರ್ಮಬುದ್ಧಿ ಎಂದರು. ಜನ ನಿಲ್ಲದಿದ್ದರೆ ಯಂತ್ರ ನಡೆಯದು ಎಂಬ ಲೆಕ್ಕವೂ ಅದರಲ್ಲಿತ್ತು. ಕಾರ್ಮಿಕರ ಸಂಘವನ್ನು ಮಾತ್ರ ಅವನು 1941ರವರೆಗೆ ಒಪ್ಪಲಿಲ್ಲ.

ಈಗ ನಮ್ಮ ಮನೆಯ ಮಾತು. ಕೆಲವು ವರ್ಷಗಳ ಹಿಂದೆ ನಾನು ದುಡಿಯುತ್ತಿದ್ದ ಒಂದು ಹೋಟೆಲಿಗೆ ಪಾತ್ರೆ ತೊಳೆಯುವ ಯಂತ್ರ ಬಂತು. ಮೂವರು ಹುಡುಗರಲ್ಲಿ ಇಬ್ಬರಿಗೆ ಸಂಜೆ ಲೆಕ್ಕ ಮುಗಿಸಿದರು. ಪೆಟ್ಟಿಗೆ ಹಿಡಿದುಕೊಂಡು ಅವರು ಆ ರಾತ್ರಿ ರೈಲ್ವೆ ಸ್ಟೇಶನ್ನಿನಲ್ಲಿ ಮಲಗಿದರು. ಉಳಿದ ಒಬ್ಬನು ಯಂತ್ರವನ್ನೂ ನೋಡಬೇಕು, ಮೇಜನ್ನೂ ಒರೆಸಬೇಕು, ಪಗಾರ ಹಿಂದಿನಷ್ಟೇ. ಆ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಸೋಡಾ ನೀರಿನಲ್ಲಿ ನೆನೆದು ಬಿರಿದ ಕೈಗಳನ್ನು ನಾನು ನೋಡಿದ್ದೇನೆ. ಆ ಕೈಗಳಿಗೆ ಯಂತ್ರ ಬೇಕೇ ಬೇಕಿತ್ತು. ಬೇಡವಾಗಿದ್ದದ್ದು ಅದು ಬಂದ ರೀತಿ. ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಬಂತು. ಅದರಿಂದ ಉಳಿದ ಪಗಾರವೆಲ್ಲ ಒಂದೇ ಜೇಬಿಗೆ ಹೋಯಿತು.

ಮಾಲಿಕರ ಪಕ್ಷವನ್ನೂ ಕೇಳೋಣ. ಬಾಡಿಗೆ ಏರಿದೆ, ಗ್ಯಾಸು ಏರಿದೆ, ಕೆಲಸಕ್ಕೆ ಹುಡುಗರು ಸಿಗುವುದಿಲ್ಲ ಎನ್ನುತ್ತಾರೆ. ಎಷ್ಟೋ ಮಾಲಿಕರು ನಮ್ಮಂತೆಯೇ ಲೋಟ ತೊಳೆದು ಮೇಲೆ ಬಂದವರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಹಾಗಿದ್ದರೆ ಯಂತ್ರ ಬರುವ ಮುಂಚೆ ಎದುರು ಬದುರು ಕುಳಿತು ಮಾತಾಡೋಣ ಎಂಬುದೇ ನಮ್ಮ ಬೇಡಿಕೆ. ಇದು ಹೊಸ ಬೇಡಿಕೆಯೂ ಅಲ್ಲ. 1947ರ ಕೈಗಾರಿಕಾ ವಿವಾದ ಕಾಯಿದೆಗೆ 1956ರಲ್ಲಿ ಮಾಡಿದ ತಿದ್ದುಪಡಿಯಲ್ಲೇ, ಕೆಲಸಗಾರರನ್ನು ಕಡಿಮೆ ಮಾಡುವಂಥ ಯಂತ್ರಸುಧಾರಣೆಗೆ ಮುಂಚೆ 21 ದಿನದ ನೋಟೀಸು ಕೊಡಬೇಕೆಂಬ ನಿಯಮ ಬಂದಿತ್ತು. ಕಾಯಿದೆಯ ಹೆಸರು ಬದಲಾಗಬಹುದು, ತತ್ತ್ವ ನ್ಯಾಯವಾದದ್ದು.

ಆದ್ದರಿಂದ ನಮ್ಮ ಸಂಘ ನಾಲ್ಕು ಮಾತುಗಳನ್ನು ಗಟ್ಟಿಯಾಗಿ ಹಿಡಿಯಬೇಕೆಂದು ನಾನು ಸೂಚಿಸುತ್ತೇನೆ. ಒಂದು, ಯಂತ್ರ ಬರುವ ಮುಂಚೆ ಕೆಲಸಗಾರರಿಗೆ ಬರಹದ ತಿಳಿವಳಿಕೆ. ಎರಡು, ಆ ಯಂತ್ರ ನಡೆಸಲು ಹೊರಗಿನವರನ್ನು ತರುವ ಮುಂಚೆ ಒಳಗಿನ ಹುಡುಗರಿಗೆ ಕಲಿಸುವುದು. ಮೂರು, ಉಳಿದ ಹೊತ್ತಿನಲ್ಲೂ ಉಳಿದ ಹಣದಲ್ಲೂ ದುಡಿಯುವವನಿಗೆ ಒಂದು ಪಾಲು: ವಾರದ ರಜೆಯಾಗಲಿ, ಪಗಾರವಾಗಲಿ. ನಾಲ್ಕು, ಯಾರನ್ನಾದರೂ ಬಿಡಿಸಲೇಬೇಕಾದರೆ ಹೊಸ ಜಾಗ ಸಿಗುವವರೆಗೆ ಮಲಗಲು ನೆಲ ಮತ್ತು ನ್ಯಾಯವಾದ ಪರಿಹಾರ. ಇವು ನಾಲ್ಕೂ ನಡೆಯಬೇಕಾದರೆ ನಮ್ಮ ಹೆಸರು ಕಾಗದದ ಮೇಲೆ ಇರಬೇಕು. ನೆಡ್‌ನ ಕತೆ ನೆನಪಿಡಿ. ನೇಮಕದ ಪತ್ರ, ಹಾಜರಿ ಪುಸ್ತಕ, ಪಗಾರದ ಚೀಟಿ ಇಲ್ಲದವನು ಎಷ್ಟು ದುಡಿದರೂ ಲೆಕ್ಕದಲ್ಲಿ ಇಲ್ಲದವನೇ.

ಎಲಿ ವಿಟ್ನಿ 1825ರ ಜನವರಿ 8ರಂದು ತೀರಿಕೊಂಡ. ಅವನು ಕೆಟ್ಟವನೆಂದು ನಾನು ಹೇಳುವುದಿಲ್ಲ, ಮಹಾಪುರುಷನೆಂದೂ ಹೇಳುವುದಿಲ್ಲ. ಅವನ ಯಂತ್ರ ಲೋಕಕ್ಕೆ ಬಟ್ಟೆ ಕೊಟ್ಟಿತು, ಲಕ್ಷಾಂತರ ಜನರಿಗೆ ಸಂಕೋಲೆಯನ್ನೂ ಕೊಟ್ಟಿತು. ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಅದು ಬರುವ ದಿನ ಅದರ ಸುತ್ತ ನಿಂತ ಜನ ಒಟ್ಟಾಗಿದ್ದಾರೆಯೇ, ಒಬ್ಬೊಬ್ಬರಾಗಿದ್ದಾರೆಯೇ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಗ್ರೈಂಡರಿನ ಬೆಲ್ಟು ಬದಲಾಗಲಿ. ಮನುಷ್ಯನನ್ನು ಬೆಲ್ಟಿನಂತೆ ಬದಲಾಯಿಸಲು ನಾವು ಬಿಡಬಾರದು.

ಹೊರಗೆ ಹೋಗುವಾಗ ಬಾಗಿಲ ಬಳಿ ಮೇಜಿನ ಮೇಲೆ ಸದಸ್ಯತ್ವದ ಪುಸ್ತಕ ಇದೆ. ಹೆಸರು ಬರೆಯದವರು ಬರೆಯಿರಿ. ಬರೆಯಲು ಬಾರದವರಿಗೆ ನಾನು ಪಕ್ಕದಲ್ಲೇ ಕುಳಿತಿರುತ್ತೇನೆ.